'ಬ್ಯಾಕಪ್ ಮಾಡಿದ್ದೀವಿ ಅಂಕಲ್' ಅಂದರೆ ನಂಬಬೇಡಿ

ಮಡಿಕೇರಿ ಕಡೆಯವರು ಯಾರಾದರೂ ಹಳೇ ಕಂಪ್ಯೂಟರ್ ಹೊತ್ತುಕೊಂಡು ಅಂಗಡಿಗೆ ಹೊರಟಿದ್ದರೆ ಇದನ್ನು ಓದಿಯೇ ಹೋಗಿ. ಅಂಗಡಿ ಹೆಸರು ಹಾಕಲ್ಲ. ಇದರಲ್ಲಿ ನನ್ನ ದಡ್ಡತನವೂ ಅರ್ಧ ಪಾಲು ಇದೆ.

ನಮ್ಮದು 2011ರ ಡೆಸ್ಕ್‌ಟಾಪ್, ವಿಂಡೋಸ್ 7. ಅದಕ್ಕೆ 2020ರ ಜನವರಿಯಲ್ಲೇ ಅಪ್‌ಡೇಟ್ ನಿಂತಿದೆ, ಗೊತ್ತು. ತೋಟದ ಲೆಕ್ಕಕ್ಕೆ ಸಾಕಿತ್ತು. ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಕಥೆ ನಿಮಗೆ ಹೇಳಬೇಕಾಗಿಲ್ಲ. ಈ ಜುಲೈನಲ್ಲಿ ಹೋಗಿ ಬಂದು, ಹೋಗಿ ಬಂದು, ಒಳಗಿಂದ ಟಕ್ ಟಕ್ ಸದ್ದು ಶುರುವಾಯ್ತು. ಹೆದರಿಕೆಯಾಗಿ ಅಂಗಡಿಗೆ ಒಯ್ದೆ. 'ಏನು ಬೇಕಾದರೂ ಮಾಡು, ಫೈಲು ಮಾತ್ರ ಹೋಗಬಾರದು' ಅಂದೆ. ಎರಡು ಸಲ ಹೇಳಿದೆ.

ಅದರಲ್ಲಿ ಇದ್ದದ್ದು ಅಪ್ಪ 31 ವರ್ಷ ಬರೆದಿಟ್ಟ ಮಳೆ ಲೆಕ್ಕ, ದಿನದ ಇಂಚು ಸೆಂಟು (ಇಂಚಿನ ನೂರನೇ ಒಂದು ಪಾಲು) ಸಮೇತ. ಪುಸ್ತಕಕ್ಕೆ ಗೆದ್ದಲು ಹಿಡಿಯಿತು ಅಂತ ಎರಡು ಬೇಸಿಗೆ ಕೂತು ಎಕ್ಸೆಲ್‌ಗೆ ಹಾಕಿದ್ದೆ. ಆಮೇಲೆ ಪುಸ್ತಕ ಒಲೆಗೆ ಹಾಕಿದೆ. ಹೌದು, ನಾನೇ. 2018ರ ಆಗಸ್ಟ್‌ನಲ್ಲಿ ನಮ್ಮ ಮನೆ ಮೇಲಿನ ಬರೆ (ಗುಡ್ಡದ ಇಳಿಜಾರು) ಜರಿದಾಗ ತೆಗೆದ ಫೋಟೋಗಳೂ ಅದರಲ್ಲೇ.

ಮೂರನೇ ದಿನ ಅಂಗಡಿ ಹುಡುಗ ಕಂಪ್ಯೂಟರ್ ಆನ್ ಮಾಡಿ ತೋರಿಸಿದ. ವಿಂಡೋಸ್ ಹೊಸದಾಗಿ ಹಾಕಿದ್ದ. ಡಿ ಡ್ರೈವ್‌ನಲ್ಲಿ 'ಬ್ಯಾಕಪ್' ಅಂತ ಫೋಲ್ಡರ್, ಒಳಗೆ ಎಲ್ಲ ಇದೆ. 1,200 ರೂಪಾಯಿ ಕೊಟ್ಟೆ. ಖುಷಿಗೆ ಮನೆಯ ಕಾಫಿಪುಡಿ ಅರ್ಧ ಕೆಜಿ ಕೂಡ ಕೊಟ್ಟೆ ಮಾರಾಯ್ರೆ!

ಒಂದು ತಿಂಗಳಿಲ್ಲ, ಆನ್ ಆಗಲೇ ಇಲ್ಲ. ಈ ಸಲ ಮೈಸೂರಿಗೆ ಒಯ್ದೆ. 'ಪರವಾಗಿಲ್ಲ, ಬ್ಯಾಕಪ್ ಡಿ ಡ್ರೈವ್‌ನಲ್ಲಿದೆ' ಅಂತ ಜಂಬದಿಂದ ಹೇಳಿದೆ. ಅವರು ಮುಚ್ಚಳ ಬಿಚ್ಚಿ ಒಂದೇ ಒಂದು ಡಬ್ಬಿ ಹೊರಗೆಳೆದು ಮೇಜಿನ ಮೇಲಿಟ್ಟರು. 'ಸರ್, ನಿಮ್ಮ ಸಿ, ಡಿ, ಇ ಮೂರೂ ಇದೇ. ಒಂದೇ ಡಿಸ್ಕನ್ನು ಮೂರು ಭಾಗ ಮಾಡಿ ಹೆಸರಿಟ್ಟಿದ್ದಾರೆ ಅಷ್ಟೇ.' ನನಗೆ ಬಾಯಿ ಬರಲಿಲ್ಲ. ಇಷ್ಟು ವರ್ಷ ನಾನು ಮೂರು ಡಿಸ್ಕ್ ಇದೆ ಅಂತಲೇ ಅಂದುಕೊಂಡಿದ್ದೆ. ನಾನು ಅಂದುಕೊಳ್ಳಬಹುದು, ಆ ಹುಡುಗನಿಗೆ ಗೊತ್ತಿರಲಿಲ್ಲವೇ? ಟಕ್ ಟಕ್ ಅನ್ನುವ ಡಿಸ್ಕಿನಿಂದ ತೆಗೆದು ಅದೇ ಡಿಸ್ಕಿಗೆ ಹಾಕಿದ್ದಾನೆ! ಜರಿಯುವ ಬರೆಯ ಕೆಳಗಿನ ಕೋಣೆಯಿಂದ ಪಕ್ಕದ ಕೋಣೆಗೆ ಸಾಮಾನು ಸಾಗಿಸಿದ ಹಾಗೆ.

ಫೋನ್ ಮಾಡಿದೆ. 'ಅಂಕಲ್, ನೀವು ಬ್ಯಾಕಪ್ ಕೇಳಿದ್ರಿ, ಮಾಡಿ ಕೊಟ್ವಿ. ಬೇರೆ ಡಿಸ್ಕಿಗೆ ಅಂತ ಹೇಳಿಲ್ವಲ್ಲ.' ಹೇಳಬೇಕಿತ್ತಂತೆ! ಸದ್ದು ಬರ್ತಿತ್ತು ಅಂತ ಹೇಳಿದ್ದೆನಲ್ಲ ಅಂದರೆ, 'ಹಳೇ ಡಿಸ್ಕಿಗೆ ನಾವು ಗ್ಯಾರಂಟಿ ಕೊಡಲ್ಲ ಅಂಕಲ್. ಹೊಸದು ಹಾಕಿಸಿ, ಡಿಸ್ಕೌಂಟ್ ಮಾಡ್ತೀನಿ.' ಈ ಮಾತು ಮೊದಲ ದಿನವೇ ಹೇಳಿದ್ದರೆ ಆವತ್ತೇ ಹಾಕಿಸುತ್ತಿದ್ದೆ. ಕಾಫಿ ಹೂ ಅರಳಿಸುವ ಹೂಮಳೆ ಆಗಿ, ಅದರ ಹಿಂದೆ ಬೀಳಬೇಕಾದ ಬ್ಯಾಕಿಂಗ್ ಮಳೆ ಬಾರದಿದ್ದರೆ ಫಸಲು ಏನಾಗುತ್ತದೆ ಅಂತ ಗೊತ್ತಿರುವ ನನಗೆ ಇದು ಗೊತ್ತಿರಲಿಲ್ಲ.

ಈಗ ಆ ಡಿಸ್ಕ್ ಬೆಂಗಳೂರಿಗೆ ಹೋಗಬೇಕಂತೆ. ಅಲ್ಲಿ ಧೂಳಿಲ್ಲದ ಕೋಣೆಯಲ್ಲಿ ಬಿಚ್ಚಿ ನೋಡಬೇಕು, ಸಾವಿರಾರು ರೂಪಾಯಿ, ಸಿಕ್ಕೇ ಸಿಗುತ್ತದೆ ಅಂತಿಲ್ಲ.

ನೀವು ಹೋದರೆ ಒಂದು ಪೆನ್‌ಡ್ರೈವೋ ಹೊರಗಿನ ಹಾರ್ಡ್ ಡಿಸ್ಕೋ ನೀವೇ ಕೊಂಡೊಯ್ಯಿರಿ. ಬ್ಯಾಕಪ್ ಅದಕ್ಕೇ ಹಾಕಿಸಿ, ಕೈಗೆ ಇಸಕೊಂಡು, ಬೇರೆ ಕಂಪ್ಯೂಟರಿಗೆ ಚುಚ್ಚಿ, ಫೈಲು ತೆರೆದು ನೋಡಿ, ಆಮೇಲೆ ದುಡ್ಡು. ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಆನ್ ಮಾಡಲೂ ಬೇಡಿ.

ಬಿಲ್ ಹಿಡಿದು ದುಡ್ಡು ವಾಪಸ್ ಕೇಳಿದ್ದಕ್ಕೆ 'ಸರ್ವಿಸ್ ಚಾರ್ಜ್ ವಾಪಸ್ ಬರಲ್ಲ' ಅಂದ. ಕಾಫಿಪುಡಿಯಾದರೂ ಕೊಡು ಅನ್ನಬೇಕೆನಿಸಿತು. ಅನ್ನಲಿಲ್ಲ.