ಎಲ್‌ಎಲ್‌ಎಂಗೆ ಅಮೆರಿಕವೋ ಬ್ರಿಟನ್ನೋ? ಎರಡೂ ಕಡೆ ಅರ್ಜಿ ಹಾಕಿದ ಮೇಲೆ

ನನ್ನ ಓಟು ಬ್ರಿಟನ್ನಿಗೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ. ನಾನು ಶಿವಮೊಗ್ಗ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಕೈಕೆಳಗೆ ಪ್ರಾಕ್ಟೀಸ್ ಮಾಡುತ್ತಲೇ ಎರಡೂ ದೇಶಗಳಲ್ಲಿ ಎಲ್‌ಎಲ್‌ಎಂಗೆ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿಗೆ, ಅರ್ಜಿ ಹಾಕಿದೆ. ಓದಬೇಕಿದ್ದದ್ದು ಪರಿಸರ ಕಾನೂನು. ಅರಣ್ಯ ಒತ್ತುವರಿ, ಬಗರ್‌ಹುಕುಂ, ಶರಾವತಿ ಮುಳುಗಡೆಯವರ ಜಮೀನು, ಇವುಗಳ ನಡುವೆಯೇ ಬೆಳೆದವರಿಗೆ ಬೇರೆ ವಿಷಯ ಹಿಡಿಸುವುದು ಕಷ್ಟ.

ಅಮೆರಿಕದ ಅರ್ಜಿಯಲ್ಲಿ ನನ್ನನ್ನು ಸುಸ್ತು ಮಾಡಿದ್ದು ಪ್ರಬಂಧವೂ ಅಲ್ಲ, ಇಂಗ್ಲಿಷ್ ಪರೀಕ್ಷೆಯೂ ಅಲ್ಲ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಓದಿದ ವಿಷಯ ಮತ್ತು ಅಂಕಗಳ ಅಧಿಕೃತ ದಾಖಲೆ! ಅಲ್ಲಿನ ಹೆಚ್ಚಿನ ಲಾ ಸ್ಕೂಲುಗಳು ಅದನ್ನು ಪೆನ್ಸಿಲ್ವೇನಿಯಾದಲ್ಲಿರುವ ಎಲ್‌ಎಸ್‌ಎಸಿ ಎಂಬ ಲಾ ಸ್ಕೂಲ್ ಪ್ರವೇಶದ ಸಂಸ್ಥೆಯ ಮೂಲಕ ತರಿಸಿಕೊಳ್ಳುತ್ತವೆ. ನಾವು ಕಳಿಸುವ ಹಾಗಿಲ್ಲ, ಓದಿದ ಸಂಸ್ಥೆಯಿಂದಲೇ ನೇರವಾಗಿ ಹೋಗಬೇಕು. ಅಂಚೆಯಲ್ಲಿ ಹೋಗುವುದಾದರೆ ಕವರು ಅಂಟಿಸಿ, ಅಂಟಿಸಿದ ಜಾಗದ ಮೇಲೆ ಸೀಲು ಅಥವಾ ಸಹಿ ಇರಬೇಕು. ಕೇಳಲು ಸುಲಭ ಅಲ್ವಾ?

ನಮ್ಮ ಕಡೆ ಟ್ರಾನ್ಸ್‌ಕ್ರಿಪ್ಟ್ ಅಂದರೆ ಚಲನ್ ಕಟ್ಟಿ ನಾವೇ ಕೈಯಲ್ಲಿ ತರುವುದು ರೂಢಿ. ಪರೀಕ್ಷಾ ವಿಭಾಗದ ಗುಮಾಸ್ತರು ಕಾಗದ ಕೊಟ್ಟು, 'ಕವರಿಗೆ ನೀವೇ ಹಾಕ್ಕೊಳಿ' ಅಂದರು. ಕವರಿನ ಮೇಲೂ ಸೀಲು ಬೇಕು ಅಂದರೆ, 'ಅದಕ್ಕೆ ಸಾಹೇಬರು ಬರಬೇಕು'. ಸಾಹೇಬರು ಮೌಲ್ಯಮಾಪನದ ಡ್ಯೂಟಿ ಮೇಲೆ ಹೋಗಿದ್ದರು. ಅವರು ಬಂದ ಮೇಲೆ ಇನ್ನೊಂದು ತಕರಾರು, ವಿದೇಶಕ್ಕೆ ಕೊರಿಯರ್ ಮಾಡಲು ಅವರಲ್ಲಿ ದುಡ್ಡಿನ ವ್ಯವಸ್ಥೆಯೇ ಇಲ್ಲ. ಕೊನೆಗೆ ಕೊರಿಯರ್ ಹುಡುಗನನ್ನು ಆಫೀಸಿಗೇ ಕರೆಸಿ, ಗುಮಾಸ್ತರ ಕೈಯಿಂದಲೇ ಕವರು ಕೊಡಿಸಿ, ಚಾರ್ಜು ನಾನು ಕಟ್ಟಿದೆ. ಅದು ತಲುಪಿ ಅರ್ಜಿ ಪೂರ್ತಿಯಾಗುವ ಹೊತ್ತಿಗೆ ಎಡಿನ್‌ಬರೋ ಯೂನಿವರ್ಸಿಟಿಯ ಆಫರ್ ಬಂದಾಗಿತ್ತು.

ಎಡಿನ್‌ಬರೋಗೆ ನಾನು ಮಾಡಿದ್ದಿಷ್ಟೇ: ದುರ್ಗಿಗುಡಿಯ ಜೆರಾಕ್ಸ್ ಅಂಗಡಿಯಲ್ಲಿ ಮಾರ್ಕ್ಸ್ ಕಾರ್ಡುಗಳನ್ನು ಸ್ಕ್ಯಾನ್ ಮಾಡಿಸಿ ಅಪ್‌ಲೋಡ್ ಮಾಡಿದೆ. ಅಲ್ಲಿ ಜಾಗತಿಕ ಪರಿಸರ ಮತ್ತು ಹವಾಮಾನ ಬದಲಾವಣೆ ಕಾನೂನಿಗೆ ಅಂತಲೇ ಎಲ್‌ಎಲ್‌ಎಂ ಇದೆ. ನನಗೆ ಬೇಕಿದ್ದದ್ದೂ ಅದೇ.

ಶಿಫಾರಸು ಪತ್ರದ ವಿಷಯದಲ್ಲಿ ಎರಡೂ ಒಂದೇ. ಜಿಮೇಲ್ ಮಾತ್ರ ಇರುವ ವಕೀಲರಿಗಿಂತ ಕಾಲೇಜಿನ ಇಮೇಲ್ ಇರುವ ಮೇಷ್ಟ್ರನ್ನು ಕೇಳುವುದು ವಾಸಿ.

ದುಡ್ಡಿನ ಮಾತಿಗೆ ಬಂದರೆ, ಅಮೆರಿಕದ ಹೆಸರಾಂತ ಲಾ ಸ್ಕೂಲುಗಳಲ್ಲಿ ಬರೀ ಫೀಸೇ 70,000 ಡಾಲರ್ ದಾಟುತ್ತದೆ. ಬ್ರಿಟನ್ನಿನಲ್ಲಿ ನಾನು ನೋಡಿದ ಕೋರ್ಸುಗಳು ಅದಕ್ಕಿಂತ ಎಷ್ಟೋ ಕಡಿಮೆ. ಆದರೆ ಬ್ರಿಟನ್ನಿನ ವೀಸಾಗೆ ಒಂದು ನಿಯಮವಿದೆ. ಫೀಸಿನ ಬಾಕಿ ಮತ್ತು 9 ತಿಂಗಳವರೆಗಿನ ಖರ್ಚಿನ ಹಣ ಖಾತೆಯಲ್ಲಿ 28 ದಿನ ಸತತವಾಗಿ ಇರಬೇಕು, ಒಂದು ದಿನವೂ ಕಡಿಮೆಯಾಗಬಾರದು. ಅಪ್ಪ ಅಮ್ಮನ ಖಾತೆ ಆದರೂ ನಡೆಯುತ್ತದೆ, ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರ ಇಡಬೇಕು. ನಮ್ಮಲ್ಲಿ ಆ 28 ದಿನ ಮಳೆಗಾಲದಲ್ಲೇ ಬಂತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸುವ ಸಮಯ, ಮರ ಹತ್ತುವ ಕೊನೆಗಾರರ ಕೂಲಿ, ಮೈಲುತುತ್ತ, ಸುಣ್ಣ, ಎಲ್ಲಕ್ಕೂ ಅಪ್ಪ ಕೈ ಹಾಕುವುದು ಅದೇ ಖಾತೆಗೆ. ಹಾಗಾಗಿ ತೋಟದ ಖರ್ಚಿನ ದುಡ್ಡನ್ನು ಮೊದಲೇ ಅಮ್ಮನ ಖಾತೆಗೆ ಹಾಕಿಸಿದೆವು. ಅಡಿಕೆ ಮಾರಿದ ಹಣ ಮಂಡಿಯಲ್ಲೇ ಬಿಡುವವರು ಈ ಲೆಕ್ಕ ಬೇಗ ಹಾಕಿಕೊಳ್ಳಿ.

ಓದಿನ ನಂತರದ ಕೆಲಸಕ್ಕೆ ಅಮೆರಿಕದಲ್ಲಿ ಸಾಮಾನ್ಯವಾಗಿ 12 ತಿಂಗಳು ಅವಕಾಶ. ಬ್ರಿಟನ್ನಿನಲ್ಲಿ 2 ವರ್ಷ ಇತ್ತು, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ 18 ತಿಂಗಳು. ನನಗೆ ವಾಪಸ್ ಬಂದು ಇಲ್ಲೇ ಕೇಸು ನಡೆಸಬೇಕು, ಹಾಗಾಗಿ ಇದನ್ನು ಜಾಸ್ತಿ ತಲೆಗೆ ಹಚ್ಚಿಕೊಳ್ಳಲಿಲ್ಲ.

ನ್ಯೂಯಾರ್ಕಿನಲ್ಲಿ ವಕೀಲಿಕೆ ಮಾಡಲು ಅಲ್ಲಿನ ಬಾರ್ ಪರೀಕ್ಷೆ ಬರೆಯುವ ಗುರಿ ಇದ್ದರೆ ಮಾತ್ರ ಅಮೆರಿಕದ ಎಲ್‌ಎಲ್‌ಎಂ ನೋಡಿ. ಹಾಗಿದ್ದರೆ ಪ್ರಬಂಧ ಆಮೇಲೆ ಬರೆದರಾಯಿತು, ಟ್ರಾನ್ಸ್‌ಕ್ರಿಪ್ಟಿನ ಚಲನ್ ಇವತ್ತೇ ಕಟ್ಟಿ.