ಸಮುದ್ರ ಎಡಕ್ಕಿರಲಿ: ಶ್ರೀಲಂಕಾ, ಮಾರಿಷಸ್, ಅಂಡಮಾನ್ ಕಡಲದಂಡೆ ರಸ್ತೆಗಳ ಹೋಲಿಕೆ

ದ್ವೀಪಕ್ಕೆ ಹೋಗಿ ಕಡಲದಂಡೆಗುಂಟ ಒಂದು ದಿನ ಕಾರಿನಲ್ಲಿ ಸುತ್ತಬೇಕು ಅಂದಾಗ ಬಳ್ಳಾರಿ, ಕೊಪ್ಪಳ, ರಾಯಚೂರಿನ ಕುಟುಂಬಗಳು ತೂಗಿ ನೋಡುವುದು ಹೆಚ್ಚಾಗಿ ಮೂರು ಜಾಗ: ಶ್ರೀಲಂಕಾದ ದಕ್ಷಿಣ ತೀರ, ಮಾರಿಷಸ್‌ನ ದಕ್ಷಿಣ ಮತ್ತು ನೈಋತ್ಯ ತೀರ, ನಮ್ಮದೇ ದಕ್ಷಿಣ ಅಂಡಮಾನ್. ಮಕ್ಕಳು, ಹಿರಿಯರು ಕೂತ ಕಾರಿನಲ್ಲಿ ಮೂರನ್ನೂ ಸುತ್ತಿ ನೋಡಿದ ಮೇಲೆ ನಮಗೆ ಖಚಿತವಾಗಿರುವುದು ಇಷ್ಟು. ಫೋಟೊ ನೋಡಿ ದ್ವೀಪ ಆರಿಸಬಾರದು. ಶಾಲೆಗೆ ಯಾವ ತಿಂಗಳು ರಜೆ, ಸಮುದ್ರ ಕಾರಿನ ಯಾವ ಮಗ್ಗುಲಿಗೆ ಬರುತ್ತದೆ, ಬೆಳಕು ಎಷ್ಟು ಹೊತ್ತಿನವರೆಗೆ ಇರುತ್ತದೆ ಎಂಬ ಮೂರು ಲೆಕ್ಕ ಸರಿಯಾದರೆ ಸಾಧಾರಣ ರಸ್ತೆಯೂ ಚೆನ್ನಾಗಿರುತ್ತದೆ. ಲೆಕ್ಕ ತಪ್ಪಿದರೆ ಎಂಥ ತೀರದಲ್ಲೂ ಎದುರಿನ ಬಸ್ಸಿನ ಬೆನ್ನು, ಕಣ್ಣಿಗೆ ಹೊಡೆಯುವ ಬಿಸಿಲು, ವಾಂತಿ ಮಾಡುವ ಮಗು ಇವಿಷ್ಟೇ ಸಿಗುತ್ತವೆ.

ಮಗ್ಗುಲಿನ ಲೆಕ್ಕ ಮೊದಲು. ಮೂರೂ ಕಡೆ ನಮ್ಮಂತೆ ಎಡಬದಿಯ ಸಂಚಾರ. ಗುಡಿಗೆ ಪ್ರದಕ್ಷಿಣೆ ಹಾಕಿದ ಹಾಗೆ ದ್ವೀಪವನ್ನು ಬಲಕ್ಕಿಟ್ಟುಕೊಂಡು ಹೊರಟರೆ ಸಮುದ್ರ ಸದಾ ಎಡಕ್ಕೆ, ನಿಮ್ಮ ಲೇನಿನ ಪಕ್ಕಕ್ಕೇ ಬರುತ್ತದೆ. ಎದುರಿನ ವಾಹನ ನೋಟಕ್ಕೆ ಅಡ್ಡ ಬರುವುದಿಲ್ಲ, ಬೇಕೆನಿಸಿದ ಕಡೆ ರಸ್ತೆ ದಾಟದೆ ನಿಲ್ಲಿಸಬಹುದು, ಮಕ್ಕಳು ಎಡ ಬಾಗಿಲಿನಿಂದ ನೇರ ದಂಡೆಯ ಕಡೆಗೇ ಇಳಿಯುತ್ತಾರೆ. ಉಲ್ಟಾ ಸುತ್ತಿದರೆ ಪ್ರತಿ ನಿಲುಗಡೆಗೂ ಎದುರಿನ ವಾಹನಗಳ ನಡುವೆ ಬಲಕ್ಕೆ ಹೊರಳಬೇಕು. ಇಡೀ ದಿನದ ಅಪಾಯದಲ್ಲಿ ದೊಡ್ಡ ಪಾಲು ಅಲ್ಲೇ ಇರುವುದು.

ಶ್ರೀಲಂಕಾ: ದೊಂದ್ರದಿಂದ ಗಾಲೆಗೆ

ಕೊಲಂಬೊದಿಂದ ಎ2 ರಸ್ತೆ ಹಿಡಿದು ಗಾಲೆಗೆ ಇಳಿಯುವುದು ಹೆಚ್ಚಿನವರು ಮಾಡುವ ಕೆಲಸ. ಅದನ್ನು ಬಿಡಿ. ಆ ದಿಕ್ಕಿನಲ್ಲಿ ಸಮುದ್ರ ಬಲಕ್ಕೆ ಬೀಳುತ್ತದೆ, ಜೊತೆಗೆ ಕಲುತರ, ಬೇರುವಲದಂಥ ಊರುಗಳ ಅಂಗಡಿ ಸಾಲುಗಳಲ್ಲೇ ಅರ್ಧ ದಿನ ಕರಗುತ್ತದೆ. ಕಟುನಾಯಕೆ ವಿಮಾನ ನಿಲ್ದಾಣದಿಂದ ಇ03, ಇ02, ಇ01 ಎಕ್ಸ್‌ಪ್ರೆಸ್‌ವೇಗಳು ಒಂದಕ್ಕೊಂದು ಕೂಡಿಕೊಂಡಿವೆ. ಟೋಲ್ ಕಟ್ಟಿ ಎರಡೂವರೆಯಿಂದ ಮೂರು ತಾಸಿನಲ್ಲಿ ಮಾತರ ತಲುಪಬಹುದು. ರಾತ್ರಿ ಮಾತರ ಅಥವಾ ಮಿರಿಸ್ಸಾದಲ್ಲಿ ಉಳಿದು, ಬೆಳಿಗ್ಗೆ ಏಳಕ್ಕೆ ದೊಂದ್ರ ದೀಪಸ್ತಂಭದಿಂದ ಪಶ್ಚಿಮಕ್ಕೆ ಹೊರಡಿ. ದ್ವೀಪದ ದಕ್ಷಿಣ ತುದಿ ಅದು. 49 ಮೀಟರ್ ಎತ್ತರದ ಆ ಸ್ತಂಭ ಶ್ರೀಲಂಕಾದಲ್ಲೇ ಎತ್ತರದ್ದು. ಅಲ್ಲಿಂದ ಗಾಲೆಗೆ ಸುಮಾರು 50 ಕಿ.ಮೀ. ಸುಮ್ಮನೆ ಓಡಿಸಿದರೆ ಒಂದೂವರೆ ತಾಸು, ನೋಡುತ್ತ ಹೋದರೆ ಆರೇಳು ತಾಸು. ಬೆಳಿಗ್ಗೆಯೇ ಹೊರಡಬೇಕೆನ್ನುವುದಕ್ಕೆ ಕಾರಣವಿದೆ: ಮುಖ ಪಶ್ಚಿಮಕ್ಕಿರುವುದರಿಂದ ಮಧ್ಯಾಹ್ನ ಮೂರರ ಮೇಲೆ ಸೂರ್ಯ ನೇರ ಗಾಜಿಗೆ ಹೊಡೆಯುತ್ತಾನೆ.

ಮಾತರ, ಮಿರಿಸ್ಸಾ, ವೆಲಿಗಾಮ, ಅಹಂಗಾಮ, ಕೊಗ್ಗಲ, ಉನವಟುನ, ಗಾಲೆ. ಈ ಸರಣಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಏನಾದರೂ ಎದುರಾಗುತ್ತದೆ, ಮಕ್ಕಳಿಗೆ ಬೇಸರವಾಗುವುದಿಲ್ಲ. ಅಹಂಗಾಮ ಮತ್ತು ಕೊಗ್ಗಲದ ನಡುವೆ ನೀರಲ್ಲಿ ನೆಟ್ಟ ಕಂಬದ ಮೇಲೆ ಕೂತು ಗಾಳ ಹಾಕುವ ಮೀನುಗಾರರು ಕಾಣುತ್ತಾರೆ. ಈಗ ಅಲ್ಲಿ ಕೂರುವವರಲ್ಲಿ ಬಹಳಷ್ಟು ಮಂದಿ ಫೋಟೊಕ್ಕೆ ಹಣ ಕೇಳುತ್ತಾರೆ, ಕ್ಯಾಮೆರಾ ತೆಗೆಯುವ ಮೊದಲೇ ಎಷ್ಟೆಂದು ಮಾತಾಡಿಕೊಳ್ಳಿ. ಗಾಲೆ ಕೋಟೆಯನ್ನು 1588ರಲ್ಲಿ ಪೋರ್ಚುಗೀಸರು ಶುರು ಮಾಡಿದರು, ಡಚ್ಚರು 1649ರಿಂದ ಬಲಪಡಿಸಿದರು. 1988ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಬಳ್ಳಾರಿ ಗುಡ್ಡ ಹತ್ತಿ ಅಭ್ಯಾಸವಿದ್ದವರಿಗೆ ಈ ಕೋಟೆ ಸುಲಭ, ಗೋಡೆಯ ಮೇಲೆ ಹಿರಿಯರೂ ಆರಾಮಾಗಿ ನಡೆಯಬಹುದು. ಕಾರನ್ನು ಹೊರಗೇ ಬಿಟ್ಟು ನಾಲ್ಕೂವರೆಗೆ ಒಳಗೆ ಹೋದರೆ ಆರರ ಸೂರ್ಯಾಸ್ತ ಗೋಡೆಯ ಮೇಲಿಂದಲೇ ಸಿಗುತ್ತದೆ.

ಇಲ್ಲಿ ಸ್ವತಃ ಓಡಿಸುವುದು ಬೇಡ ಎನ್ನುವುದು ನಮ್ಮ ತೀರ್ಮಾನ. ಎ2 ಬಹುಪಾಲು ಎರಡೇ ಲೇನಿನ ರಸ್ತೆ. ಕಲೆಕ್ಷನ್ ನಂಬಿಕೊಂಡು ಓಡುವ ಖಾಸಗಿ ಬಸ್ಸುಗಳು ತಿರುವಿನಲ್ಲೂ ಓವರ್‌ಟೇಕ್ ಮಾಡುತ್ತವೆ, ನಡುವೆ ತ್ರಿಚಕ್ರಗಳು ಬೇರೆ. ಕಾಗದಪತ್ರದ ಕೆಲಸವೂ ಹೆಚ್ಚು: ಭಾರತದ ಲೈಸೆನ್ಸ್ ಒಂದೇ ಸಾಲದು, ಅಲ್ಲಿನ ಮೋಟಾರು ಸಂಚಾರ ಇಲಾಖೆಯ ತಾತ್ಕಾಲಿಕ ಪರವಾನಗಿ ಬೇಕು. ಡ್ರೈವರ್ ಸಮೇತ ಕಾರು ತೆಗೆದುಕೊಂಡರೆ ಓಡಿಸುವವರೂ ಸಮುದ್ರ ನೋಡಬಹುದು. ನಾಲ್ಕು ಜನಕ್ಕೆ ಸಣ್ಣ ಕಾರು ಸಾಕು. ಆರು ಜನ ಮತ್ತು ಸೂಟ್‌ಕೇಸ್ ಇದ್ದರೆ ಅಲ್ಲಿನವರು ಕೆಡಿಹೆಚ್ ಎಂದು ಕರೆಯುವ ಟೊಯೊಟಾ ವ್ಯಾನ್ ಕೇಳಿ. ಬಾಡಿಗೆ ಮಾತಾಡುವಾಗ ಇಂಧನ, ಟೋಲ್, ಡ್ರೈವರ್ ಊಟ ಮತ್ತು ವಸತಿ ಸೇರಿದೆಯೇ ಎಂದು ಬರೆಸಿಕೊಳ್ಳಿ.

ಸಸ್ಯಾಹಾರಿಗಳಿಗೆ ಒಂದು ಮಾತು. ಉಂಬಲಕಡ ಎಂಬ ಒಣ ಟ್ಯೂನಾ ಮೀನಿನ ಚೂರು ಕಾಯಿ ಸಂಬೋಲ, ತರಕಾರಿ ಪಲ್ಯ, ಬೇಳೆಯಲ್ಲೂ ಇರುತ್ತದೆ. ‘ವೆಜ್’ ಎಂದರೆ ಸಾಲದು, ಉಂಬಲಕಡ ಬೇಡ ಎಂದೇ ಹೇಳಬೇಕು.

ಮಾರಿಷಸ್: ವಿಮಾನ ನಿಲ್ದಾಣದಿಂದ ಲೆ ಮೋರ್ನ್‌ಗೆ

ಸ್ವತಃ ಓಡಿಸುವ ಆಸೆಯಿದ್ದರೆ ಮೂರರಲ್ಲಿ ಇದೇ ಸರಿ. ವಿಮಾನ ನಿಲ್ದಾಣ ಆಗ್ನೇಯ ಮೂಲೆಯಲ್ಲಿದೆ, ಅಲ್ಲಿಂದ ದಕ್ಷಿಣ ತೀರ ಹಿಡಿದು ಪಶ್ಚಿಮಕ್ಕೆ ಹೋದರೆ ತಾನಾಗಿಯೇ ಪ್ರದಕ್ಷಿಣೆಯ ದಿಕ್ಕು. ಲೆ ಮೋರ್ನ್‌ವರೆಗೆ 50–55 ಕಿ.ಮೀ., ನಿಲ್ಲದೆ ಹೋದರೆ ಒಂದೂಕಾಲು ತಾಸು. ಮೊದಲ ಭಾಗದಲ್ಲಿ ಸಮುದ್ರ ಕಾಣುವುದೇ ಇಲ್ಲ, ಎರಡೂ ಕಡೆ ಕಬ್ಬು. ಕಟಾವು ಜೂನ್‌ನಿಂದ ಡಿಸೆಂಬರ್‌ವರೆಗೆ ನಡೆಯುತ್ತದೆ. ಏಪ್ರಿಲ್–ಮೇನಲ್ಲಿ ಹೋದವರಿಗೆ ಬೆಳೆದು ನಿಂತ ಕಬ್ಬು ಅಡ್ಡರಸ್ತೆಯಿಂದ ಬರುವ ವಾಹನವನ್ನೂ ಮರೆಮಾಡುತ್ತದೆ. ಕೂಡುರಸ್ತೆಯಲ್ಲಿ ಪೂರ್ತಿ ನಿಲ್ಲಿಸಿ ಮುಂದೆ ಹೋಗಿ.

ಸುಯ್ಯಾಕ್ ದಾಟಿದ ಮೇಲೆ ರಸ್ತೆ ಸಮುದ್ರಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೂ ಮುಂಚೆ ಸುಯ್ಯಾಕ್‌ನ ಗ್ರಿ ಗ್ರಿ ಎಂಬ ಕಡಲತೀರ ನೋಡಲೇಬೇಕು. ದ್ವೀಪದ ಬಹುಭಾಗವನ್ನು ಹವಳದ ದಿಬ್ಬ ಸುತ್ತುವರಿದಿದೆ. ಆ ದಿಬ್ಬ ಇಲ್ಲಿ ಕಡಿದುಹೋಗಿರುವುದರಿಂದ ಅಲೆಗಳು ತಡೆಯಿಲ್ಲದೆ ಬಂದು ಕಪ್ಪು ಬಂಡೆಗೆ ಬಡಿಯುತ್ತವೆ. ಈಜು ಇಲ್ಲ, ಅಂಚಿನಿಂದ ದೂರ ನಿಲ್ಲಬೇಕು, ಮಕ್ಕಳ ಕೈ ಬಿಡಬಾರದು. ಮುಂದೆ ಬೆಲ್ ಓಂಬ್ರ್ ಕಡೆ ಮತ್ತೆ ದಿಬ್ಬ ಶುರುವಾಗಿ ನೀರು ಶಾಂತವಾಗುತ್ತದೆ. ಒಂದೇ ತಾಸಿನೊಳಗೆ ಈ ಎರಡನ್ನೂ ತೋರಿಸಿದರೆ ಹವಳದ ದಿಬ್ಬ ಏನು ಮಾಡುತ್ತದೆ ಎಂದು ಮಕ್ಕಳಿಗೆ ಬೇರೆ ಪಾಠ ಬೇಕಿಲ್ಲ. ಶಾಂತ ನೀರಿನಲ್ಲೂ ಮುಳ್ಳಿನ ಕಡಲಚೆಂಡು, ಹವಳದ ಚೂಪು ಇರುತ್ತವೆ. ಬರಿಗಾಲಲ್ಲಿ ಇಳಿಸಬೇಡಿ, ರಬ್ಬರ್ ಬೂಟು ಹಾಕಿಸಿ.

ಬೇ ದು ಕಾಪ್ ಬಳಿ ಮಕೊಂಡೆ ಎಂಬ ಬಂಡೆಯನ್ನು ರಸ್ತೆ ಬಳಸಿ ಹೋಗುತ್ತದೆ. ಇಡೀ ಹಾದಿಯ ಚಂದದ ತಿರುವು ಇದೇ, ಎಚ್ಚರ ಬೇಕಾದದ್ದೂ ಇದೇ. ತಿರುವಿನಲ್ಲಿ ನಿಲ್ಲಿಸದೆ, ದಾಟಿ ಅಗಲ ಸಿಕ್ಕಲ್ಲಿ ಕಾರು ಹಾಕಿ, ನಡೆದು ಬಂದು ಮೆಟ್ಟಿಲು ಹತ್ತಿ. ಆಮೇಲೆ ಎದುರಾಗುವುದು 556 ಮೀಟರ್ ಎತ್ತರದ ಲೆ ಮೋರ್ನ್ ಬೆಟ್ಟ. ತಪ್ಪಿಸಿಕೊಂಡ ಗುಲಾಮರು ಅಡಗಿದ್ದ ಜಾಗವೆಂದು 2008ರಲ್ಲಿ ಇದು ಯುನೆಸ್ಕೊ ಪಟ್ಟಿಗೆ ಸೇರಿತು. ಇಲ್ಲಿನ ‘ನೀರೊಳಗಿನ ಜಲಪಾತ’ದ ಫೋಟೊ ನೋಡಿ ಬರುವವರು ತಿಳಿದಿರಲಿ, ಅದು ಮರಳು, ಹೂಳಿನ ಹರಿವು ಮೂಡಿಸುವ ನೋಟ, ಆಕಾಶದಿಂದ ಮಾತ್ರ ಕಾಣುತ್ತದೆ, ದಂಡೆಯಿಂದ ಕಾಣುವುದಿಲ್ಲ.

ಮಧ್ಯಾಹ್ನದ ನಂತರ ಗುಡ್ಡದ ಮೇಲಿನ ಶಾಮರೆಲ್ ಹಳ್ಳಿಗೆ ಹತ್ತುವವರು ಹೆಚ್ಚು. ಏಳು ಬಣ್ಣದ ಮಣ್ಣು ಚೆನ್ನಾಗಿದೆ, ಸೂರ್ಯ ಮೇಲಿದ್ದಾಗ ಬಣ್ಣ ಬೇರೆ ಬೇರೆಯಾಗಿ ಕಾಣುತ್ತದೆ. ಇಳಿಯುವಾಗ ಜಾಗ್ರತೆ. ಬಯಲುಸೀಮೆಯ ನೇರ ರಸ್ತೆಗೆ ಒಗ್ಗಿದ ಕಾಲು ಬ್ರೇಕ್ ಮೇಲೇ ಕೂರುತ್ತದೆ, ಬ್ರೇಕ್ ಕಾದು ಹಿಡಿತ ಕಡಿಮೆಯಾಗುತ್ತದೆ. ಆಟೊಮ್ಯಾಟಿಕ್ ಕಾರಾದರೆ ‘ಎಲ್’, ‘2’ ಅಥವಾ ಮ್ಯಾನುಯಲ್ ಮೋಡ್‌ಗೆ ಹಾಕಿ, ಇಂಜಿನ್ನೇ ವೇಗ ತಡೆಯಲಿ. ಹಿರಿಯರು ಜೊತೆಗಿದ್ದರೆ ಗಂಗಾ ತಲಾವ್ ಎಂಬ ಪವಿತ್ರ ಕೆರೆಯನ್ನೂ ಸೇರಿಸಿ, ಅಲ್ಲಿನ ಶಿವನ ಮೂರ್ತಿ 33 ಮೀಟರ್ ಎತ್ತರ. ಮಹಾಶಿವರಾತ್ರಿಯ ಆಸುಪಾಸು ಮಾತ್ರ ಭಕ್ತರು ಊರೂರಿನಿಂದ ನಡೆದು ಬರುತ್ತಾರೆ, ಆ ದಿನಗಳಲ್ಲಿ ಆ ರಸ್ತೆಗಳಿಗೆ ಕಾರು ತರಬಾರದು.

ಲೈಸೆನ್ಸ್ ತೊಂದರೆ ಕಡಿಮೆ. ಇಂಗ್ಲಿಷಿನಲ್ಲಿ ಅಚ್ಚಾದ ನಮ್ಮ ಕಾರ್ಡನ್ನು ಬಾಡಿಗೆ ಕಂಪನಿಗಳು ಒಪ್ಪುತ್ತವೆ. ಆದರೂ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಂಡು ಹೋಗಿ. ನಿಮ್ಮ ಕೆಎ-34, 36 ಅಥವಾ 37ರ ಆರ್‌ಟಿಒದಲ್ಲೇ 4ಎ ನಮೂನೆ ಕೊಟ್ಟರೆ ಒಂದು ವರ್ಷದ ಅವಧಿಗೆ ಸಿಗುತ್ತದೆ. ಹೆಚ್ಚಿನವರು ಎಡವುವುದು ಠೇವಣಿಯಲ್ಲಿ. ಅದಕ್ಕೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡ್ ಕೇಳುತ್ತಾರೆ, ಡೆಬಿಟ್ ಕಾರ್ಡ್ ಹಲವು ಕಡೆ ನಡೆಯುವುದಿಲ್ಲ. ಕಾರು ಪಡೆಯುವಾಗ ನಾಲ್ಕೂ ಚಕ್ರದ ಡಿಸ್ಕ್, ಟೈರಿನ ಬದಿ, ಬಂಪರ್ ಕೆಳಭಾಗ, ಸ್ಟೆಪ್ನಿ ಸೇರಿಸಿ ವಿಡಿಯೊ ಮಾಡಿ. ಹಳ್ಳಿ ರಸ್ತೆಗಳು ಕಿರಿದು, ಟೈರಿನ ಬದಿ ಕಲ್ಲಿಗೆ ಉಜ್ಜುವುದೇ ಹೆಚ್ಚು, ವಿಮೆಯಲ್ಲಿ ಟೈರು ಮತ್ತು ಗಾಜು ಸೇರಿರುವುದಿಲ್ಲ ಎಂಬ ಷರತ್ತೂ ಹೆಚ್ಚು. ವೃತ್ತಗಳಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು, ಅಲ್ಲಿ ಅದನ್ನು ನಿಜವಾಗಿಯೂ ಪಾಲಿಸುತ್ತಾರೆ.

ಊಟದಲ್ಲೂ ಇದು ನಮಗೆ ಹತ್ತಿರ. ರಸ್ತೆ ಬದಿಯ ಧೋಲ್ ಪುರಿ ಎಂದರೆ ಬೇಳೆ ಹೂರಣ ತುಂಬಿದ ತೆಳು ರೊಟ್ಟಿ, ಜೊತೆಗೆ ಕಾಳಿನ ಪಲ್ಯ, ಖಾರದ ಚಟ್ನಿ. ಬೇಳೆ ರುಬ್ಬಿ ಮೆಣಸಿನಕಾಯಿ ಹಾಕಿ ಕರಿದ ಗಾತೊ ಪಿಮಾಂ ಮಿರ್ಚಿ ತಿನ್ನುವ ಊರಿನವರಿಗೆ ಮೊದಲ ತುತ್ತಿಗೇ ಒಗ್ಗುತ್ತದೆ. ಮಧ್ಯಾಹ್ನದೊಳಗೆ ಮಾರಾಟ ಮುಗಿಯುವುದರಿಂದ ಹನ್ನೊಂದರ ಹೊತ್ತಿಗೇ ಕಟ್ಟಿಸಿಕೊಳ್ಳಿ.

ಅಂಡಮಾನ್: ನಗರದಿಂದ ಚಿಡಿಯಾ ಟಾಪು

ವೀಸಾ, ಪರವಾನಗಿ, ಹಣ ಬದಲಾವಣೆ ಯಾವುದೂ ಇಲ್ಲ. ಇಡ್ಲಿ ದೋಸೆ ಧಾರಾಳ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಪೂರ್ವ ತೀರದಲ್ಲಿ ದಕ್ಷಿಣಕ್ಕೆ ಹೊರಟರೆ ಸಮುದ್ರ ಎಡಕ್ಕೆ: ಮೊದಲು ಕಾರ್ಬಿನ್ಸ್ ಕೋವ್ ರಸ್ತೆ ಮತ್ತು ಜಪಾನಿಯರ ಹಳೆಯ ಬಂಕರ್‌ಗಳು, ಆಮೇಲೆ ರಂಗಚಾಂಗ್, ಬರ್ಮಾನಾಲಾ, ಕೊನೆಗೆ ಕಾಡಿನ ತಿರುವುಗಳು, ಚಿಡಿಯಾ ಟಾಪು. ನಗರದಿಂದ ಸುಮಾರು 25 ಕಿ.ಮೀ. ಅಷ್ಟೇ, ಅರ್ಧ ದಿನದ ಕೆಲಸ. ಟ್ಯಾಕ್ಸಿ ಸಾಕು.

ಇಲ್ಲಿ ತಪ್ಪುವುದು ಹೊತ್ತಿನ ಲೆಕ್ಕ. ಗಡಿಯಾರ ನಮ್ಮದೇ, ಆದರೆ ದ್ವೀಪ ಬಹಳ ಪೂರ್ವಕ್ಕಿದೆ. ಬಳ್ಳಾರಿಗಿಂತ ಒಂದು ತಾಸು ಮೊದಲೇ ಕತ್ತಲಾಗುತ್ತದೆ. ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೆ, ಏಪ್ರಿಲ್‌ನಲ್ಲಿ ಐದೂವರೆಗೆ ಸೂರ್ಯ ಮುಳುಗುತ್ತಾನೆ. ಊಟ, ನಿದ್ದೆ ಮುಗಿಸಿ ನಾಲ್ಕಕ್ಕೆ ಹೊರಟರೆ ಏನೂ ಸಿಗದು. ಒಂದೂವರೆಗೆ ಹೊರಡಿ, ಮರಳುವಾಗ ಕಾಡಿನ ರಸ್ತೆಯಲ್ಲಿ ದೀಪವಿಲ್ಲ. ಉಪ್ಪುನೀರಿನ ಮೊಸಳೆ ಇರುವ ತೀರ ಇದು, ಎಚ್ಚರಿಕೆ ಫಲಕ ಇರುವಲ್ಲಿ ಮೊಣಕಾಲಷ್ಟು ನೀರಿಗೂ ಇಳಿಯಬಾರದು. ವಂಡೂರಿನ ಕಡೆಗೆ ಹೋದರೆ ಸಿಪ್ಪಿಘಾಟ್‌ನಲ್ಲಿ ರಸ್ತೆಯ ಪಕ್ಕ ನೀರು ನಿಂತ ಹೊಲಗಳು ಕಾಣುತ್ತವೆ. 2004ರ ಭೂಕಂಪದಲ್ಲಿ ನೆಲ ಕುಸಿದು ಸಮುದ್ರ ಒಳಬಂದ ಗುರುತು ಅದು.

ಉತ್ತರಕ್ಕೆ ಬಾರಾಟಾಂಗ್ ರಸ್ತೆಯನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಜಿರ್ಕಾಟಾಂಗ್‌ನಿಂದ ಬೆಂಗಾವಲಿನಲ್ಲಿ ಸಾಲಾಗಿ ಹೋಗುವ ಆ ದಾರಿ ಜಾರವಾ ಜನರ ಕಾಡಿನೊಳಗೆ ಹಾಯುತ್ತದೆ. ನಿಲ್ಲುವ ಹಾಗಿಲ್ಲ, ಫೋಟೊ ತೆಗೆಯುವ ಹಾಗಿಲ್ಲ, ಸಮುದ್ರವೂ ಕಾಣುವುದಿಲ್ಲ. ಇನ್ನೊಬ್ಬರ ಮನೆಯಂಗಳದಲ್ಲಿ ಅವರನ್ನು ನೋಡಲೆಂದು ಮಕ್ಕಳನ್ನು ಕರೆದೊಯ್ಯುವುದು ನಮಗೆ ಸರಿಕಾಣುವುದಿಲ್ಲ.

ಕಾರಿನ ವಿಷಯ

ಒಣ ಹವೆಯ ಊರಿನವರಿಗೆ ಗೊತ್ತಿರದ ಒಂದು ತೊಂದರೆ ಮೂರೂ ಕಡೆ ಇದೆ. ಎಸಿ ತಣ್ಣಗೆ ಮಾಡಿದರೆ ಗಾಜಿನ ಹೊರಮೈ ಮಂಜಾಗುತ್ತದೆ. ಒಳಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ. ವೈಪರ್ ಹಾಕಿ, ಎಸಿ ಎರಡು ಮೂರು ಡಿಗ್ರಿ ಏರಿಸಿ, ಗಾಳಿಯನ್ನು ಗಾಜಿನಿಂದ ತಿರುಗಿಸಿ. ಉಪ್ಪಿನ ತುಂತುರು ಬೇರೆ ಕೂರುತ್ತದೆ, ಅದರ ಮೇಲೆ ಸಂಜೆ ಬಿಸಿಲು ಬಿದ್ದರೆ ರಸ್ತೆಯೇ ಕಾಣದು. ಬೆಳಿಗ್ಗೆ ವಾಷರ್ ನೀರು ತುಂಬಿಸಿಯೇ ಹೊರಡಿ. ತೆಂಗಿನ ಮರದ ಕೆಳಗೆ ಕಾರು ನಿಲ್ಲಿಸಬೇಡಿ. ಸಡಿಲ ಮರಳಿಗಿಳಿದು ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಆಳಕ್ಕೆ ಹೋಗುತ್ತದೆ. ಎಲ್ಲರನ್ನೂ ಇಳಿಸಿ, ಎಳೆಯುವ ಚಕ್ರಗಳ ಗಾಳಿ 20 ಪಿಎಸ್‌ಐ ಹತ್ತಿರಕ್ಕೆ ಇಳಿಸಿ, ಆ ಚಕ್ರಗಳ ಹಿಂಬದಿಗೆ ಒತ್ತಿ ನೆಲಹಾಸು ಹಾಕಿ, ಬಂದ ಗುರುತಿನಲ್ಲೇ ಮೆಲ್ಲಗೆ ಹಿಂದಕ್ಕೆ ತೆಗೆಯಿರಿ. ಹತ್ತಿರದ ಬಂಕ್‌ನಲ್ಲಿ ಗಾಳಿ ಮತ್ತೆ ತುಂಬಿಸುವವರೆಗೆ ವೇಗ ಬೇಡ.

ಯಾವ ರಜೆಗೆ ಯಾವುದು

ಏಪ್ರಿಲ್ ರಜೆಗೆ ಅಂಡಮಾನ್. ಕಡಲು ಶಾಂತ, ಮಳೆಗಾಲ ಅಲ್ಲಿಗೆ ಮುಟ್ಟುವುದು ಮೇ ಮೂರನೇ ವಾರದ ಹೊತ್ತಿಗೆ. ಶ್ರೀಲಂಕಾದಲ್ಲಿ ಏಪ್ರಿಲ್ 13–14ರ ಹೊಸವರ್ಷಕ್ಕೆ ಅಂಗಡಿ ಮುಚ್ಚಿ, ಊರಿಗೆ ಹೊರಟವರಿಂದ ರಸ್ತೆ ತುಂಬಿರುತ್ತದೆ; ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ತೀರದಲ್ಲಿ ಅಲೆ ಜೋರು. ಅದನ್ನು ಕ್ರಿಸ್‌ಮಸ್ ರಜೆಗೆ ಇಟ್ಟುಕೊಳ್ಳಿ. ದಸರಾ ರಜೆಗೆ ಮಾರಿಷಸ್ ಬಿಟ್ಟರೆ ಬೇರೆ ಇಲ್ಲ: ಅಕ್ಟೋಬರ್‌ನಲ್ಲಿ ಅಲ್ಲಿ ಮಳೆ ಕಡಿಮೆ, ಬೆಳಕು ಆರರವರೆಗೆ, ಉಳಿದೆರಡು ಕಡೆ ಮಳೆ. ಜನವರಿಯಿಂದ ಮಾರ್ಚ್‌ವರೆಗೆ ಮಾರಿಷಸ್‌ನಲ್ಲಿ ಚಂಡಮಾರುತದ ಭಯ ಹೆಚ್ಚು.

ರಾಯಚೂರಿನವರಿಗೆ ಮುಂಬೈ–ಚೆನ್ನೈ ಮುಖ್ಯ ಮಾರ್ಗವೇ ಇರುವುದರಿಂದ ಮಾರಿಷಸ್‌ಗೆ ಮುಂಬೈ, ಅಂಡಮಾನ್‌ಗೆ ಚೆನ್ನೈ ಸಲೀಸು. ಬಳ್ಳಾರಿ, ಕೊಪ್ಪಳದವರು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಂಗಳೂರಿನಿಂದ ಹಾರುವುದೇ ಹೆಚ್ಚು. ರಾತ್ರಿ ರೈಲು, ಹಗಲು ವಿಮಾನ ಮುಗಿಸಿ ಅಂದೇ ಸ್ಟಿಯರಿಂಗ್ ಹಿಡಿಯುವುದು ಮಾತ್ರ ಬೇಡ. ಮಾರಿಷಸ್‌ನಲ್ಲಿ ನಿಲ್ದಾಣದ ಪಕ್ಕದ ಮಾಹೆಬೂರ್ ಅಥವಾ ಬ್ಲೂ ಬೇಯಲ್ಲಿ ರಾತ್ರಿ ಮಲಗಿ, ಕಾರನ್ನು ಮರುದಿನ ಬೆಳಿಗ್ಗೆ ಎಂಟಕ್ಕೆ ಬುಕ್ ಮಾಡಿ. ಒಂದು ದಿನದ ಬಾಡಿಗೆಯೂ ಉಳಿಯುತ್ತದೆ, ಬಿಸಿಲು ಬೆನ್ನಿಗಿರುವಾಗಲೇ ಗ್ರಿ ಗ್ರಿ ತಲುಪುತ್ತೀರಿ.