ಹೀಬ್ರೂ ಕಲಿಯುವವರಿಗೆ ‘ಪೆಆಲಿಂ’ ಜಾಲತಾಣ: ಧಾತು ಹಿಡಿಯಲು ಸೈ, ಮಾತಾಡಲು ಸಾಲದು

‘ಪೆಆಲಿಂ’ ಅಂದರೆ ಹೀಬ್ರೂನಲ್ಲಿ ಕ್ರಿಯಾಪದಗಳು. ಅದೇ ಹೆಸರಿನ ಈ ಜಾಲತಾಣದಲ್ಲಿ ಪದ ಹುಡುಕಲು ದುಡ್ಡು ಕೊಡಬೇಕಿಲ್ಲ. ಪಾಠ ಹೇಳಿಕೊಡುವ ಆಪ್ ಅಲ್ಲ ಇದು. ಒಂದು ಪದ ಹಾಕಿದರೆ ಅದರ ಧಾತು, ಅದು ಯಾವ ಗಣದ್ದು (ಕ್ರಿಯಾಪದ ರೂಪ ತಾಳುವ ಅಚ್ಚು), ಯಾವ ಯಾವ ರೂಪ ತಾಳುತ್ತದೆ ಎಂಬುದನ್ನೆಲ್ಲ ಒಂದೇ ಪುಟದಲ್ಲಿ ಕೋಷ್ಟಕ ಮಾಡಿ ಇಡುತ್ತದೆ. ಇರುವುದು ಇಂದಿನ ಹೀಬ್ರೂ. ವೃದ್ಧರ ಆರೈಕೆಯ ಕೆಲಸಕ್ಕೆಂದು ಮಂಗಳೂರು ಕಡೆಯಿಂದ ಇಸ್ರೇಲಿಗೆ ಹೋಗುವವರಿಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಹಳೆಯ ಒಡಂಬಡಿಕೆಯನ್ನು ಮೂಲದಲ್ಲಿ ಓದಬೇಕೆನ್ನುವವರಿಗೆ ಅರ್ಧ ದಾರಿಯವರೆಗೆ ಮಾತ್ರ.

ಧಾತು ಎಂದ ಕೂಡಲೇ ನಮಗೆ ಸಂಸ್ಕೃತದ ‘ಕೃ’ ನೆನಪಾಗುತ್ತದೆ: ಕರ್ತ, ಕಾರ್ಯ, ಕರ್ಮ. ಅಲ್ಲಿ ಕಣ್ಣಿಗೆ ಬೀಳುವುದು ಹಿಂದೆ ಅಂಟುವ ಪ್ರತ್ಯಯ. ಹೀಬ್ರೂ ಧಾತು ಹೆಚ್ಚಾಗಿ ಮೂರು ವ್ಯಂಜನ, ಸ್ವರ ಹೊಗುವುದು ಅವುಗಳ ನಡುವೆ. ಕತವ್ ಅಂದರೆ ಬರೆದನು, ಕೋತೆವ್ ಅಂದರೆ ಬರೆಯುತ್ತಾನೆ, ಕತೂವ್ ಅಂದರೆ ಬರೆದಿರುವುದು. ಅಕ್ಷರ ಅವೇ, ಕಾಗುಣಿತ ಬೇರೆ! ಮುಂದೆ ‘ಮ’ ಸೇರಿದರೆ ಮಿಖ್ತಾವ್, ಪತ್ರ. ಕ್ತೋವೆತ್ ಅಂದರೆ ವಿಳಾಸ. ಕಾಗುಣಿತ ತಿದ್ದಿದ ಕನ್ನಡಿಗರಿಗೆ ಇದು ಬೇಗ ಹತ್ತುತ್ತದೆ.

ತೊಡಕು ಇರುವುದು ವ್ಯಂಜನದಲ್ಲಿ. ಒಂದೇ ಅಕ್ಷರ ಒಮ್ಮೆ ಬ, ಒಮ್ಮೆ ವ. ಹಾಗೆಯೇ ಕ ಮತ್ತು ಖ, ಪ ಮತ್ತು ಫ. ರೋಫೆ ವೈದ್ಯ, ರೆಫುಆ ವೈದ್ಯಶಾಸ್ತ್ರ, ಆದರೆ ಮಿರ್ಪಾಆ ಕ್ಲಿನಿಕ್. ಮೂರರಲ್ಲೂ ಇರುವುದು ‘ಪೇ’ ಎಂಬ ಒಂದೇ ಅಕ್ಷರ. (ಇಲ್ಲಿ ಖ ಎಂದು ಬರೆದಿರುವುದು ನಮ್ಮ ಮಹಾಪ್ರಾಣವಲ್ಲ, ಗಂಟಲು ಉಜ್ಜಿಕೊಂಡು ಬರುವ ಸದ್ದು.) ಪೆಆಲಿಂ ಪುಟದಲ್ಲಿ ಒಂದು ಪದ ತೆರೆದರೆ ಅದೇ ಧಾತುವಿನ ಉಳಿದ ಪದಗಳ ಪಟ್ಟಿಯೂ ಕೆಳಗೆ ಸಿಗುತ್ತದೆ. ಇಡೀ ತಾಣದಲ್ಲಿ ಹೆಚ್ಚು ಬೆಲೆಬಾಳುವ ಭಾಗ ಅದೇ. ಹೆಚ್ಚಿನವರು ಕೋಷ್ಟಕ ನೋಡಿ ಅಲ್ಲಿಂದಲೇ ವಾಪಸಾಗುತ್ತಾರೆ.

ಹುಡುಕಾಟ ಗಟ್ಟಿಯಾಗಿದೆ. ನಿಘಂಟಿನಲ್ಲಿ ಧಾತು ಊಹಿಸಿ ಹುಡುಕಲು ಹೋದರೆ ಹೊಸಬರು ಎಡವುವುದು ‘ಲಲೇಖೆತ್’ (ಹೋಗಲು) ಥರದ ಪದಗಳಲ್ಲಿ. ಮೊದಲ ಲ ಬರೀ ‘-ಲು’ ಅರ್ಥದ ಪೂರ್ವಪ್ರತ್ಯಯ, ಧಾತು ಹ-ಲ-ಖ, ಅದರ ಹ ಬಿದ್ದುಹೋಗಿದೆ. ‘ಲತೇತ್’ (ಕೊಡಲು) ಇನ್ನೂ ಮೋಸ: ಧಾತು ನ-ತ-ನ, ಎರಡು ನಕಾರವೂ ಮಾಯ. ‘ಲೆಹಿಶ್ತಮೇಶ್’ (ಬಳಸಲು) ಪದದಲ್ಲಿ ಗಣದ ತ ಒಳಗೆ ನುಗ್ಗಿ ಶ ಮುಂದೆ ಬಂದಿದೆ, ಧಾತು ಶ-ಮ-ಶ. ಪೆಆಲಿಂನಲ್ಲಿ ಕಿವಿಗೆ ಬಿದ್ದ ರೂಪವನ್ನೇ ಹೀಬ್ರೂ ಅಥವಾ ರೋಮನ್ ಲಿಪಿಯಲ್ಲಿ ಹಾಕಿದರೂ ಸರಿಯಾದ ಪುಟ ಸಿಗುತ್ತದೆ.

ಪ್ರತಿ ರೂಪಕ್ಕೂ ರೋಮನ್ ಲಿಪ್ಯಂತರ ಇದೆ, ಉಚ್ಚಾರದಲ್ಲಿ ಒತ್ತು ಬೀಳುವ (ಜೋರಾಗಿ ಹೇಳುವ) ಭಾಗ ದಪ್ಪಕ್ಷರದಲ್ಲಿದೆ. ಕನ್ನಡದ ನಾಲಿಗೆ ಒತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹೀಬ್ರೂನಲ್ಲಿ ಅದರಿಂದ ಅರ್ಥವೇ ಬದಲಾಗುತ್ತದೆ. ‘ಓಖೆಲ್’ ಪದದ ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ಊಟ, ಎರಡನೆಯದಕ್ಕೆ ಕೊಟ್ಟರೆ ತಿನ್ನುತ್ತಾನೆ. ಆದರೆ ಲಿಪ್ಯಂತರವನ್ನೇ ನೆಚ್ಚಿ ಕೂತರೆ ಕೆಟ್ಟಿರಿ: ‘ಖೆತ್’ ಅಕ್ಷರಕ್ಕೂ ‘ಖಾಫ್’ ಅಕ್ಷರಕ್ಕೂ ಒಂದೇ ಗುರುತು. ಲಿಖ್ತೋವ್ (ಬರೆಯಲು), ಲಖ್ಶೋವ್ (ಯೋಚಿಸಲು) ಎರಡರ ಖ ಒಂದೇ ಎಂದುಕೊಂಡು ಕಾಗದದ ಮೇಲೆ ತಪ್ಪು ಬರೆಯುತ್ತೀರಿ. ಸ್ವರಚಿಹ್ನೆ ಇರುವ ಬರಹದ ಜೊತೆಗೆ ಚಿಹ್ನೆ ಇಲ್ಲದ ಬರಹವನ್ನೂ ತೋರಿಸುತ್ತಾರೆ. ಔಷಧದ ಡಬ್ಬಿ, ಬಸ್ಸಿನ ಬೋರ್ಡು, ವಾಟ್ಸಾಪ್ ಎಲ್ಲೂ ಚಿಹ್ನೆ ಇರುವುದಿಲ್ಲವಾದ್ದರಿಂದ ಕಣ್ಣಿಗೆ ರೂಢಿಯಾಗಬೇಕಾದ್ದು ಈ ಎರಡನೆಯದು.

ಕೊರತೆಗಳು. ಅರ್ಥ ಕನ್ನಡದಲ್ಲಿಲ್ಲ, ಇಂಗ್ಲಿಷಿನಲ್ಲಿ ಎರಡು ಮೂರು ಪದ ಅಷ್ಟೆ. ಉದಾಹರಣೆ ವಾಕ್ಯಗಳಿಲ್ಲ. ಅಕ್ಷರ ಒಂದೇ ಆಗಿರುವ ಬೇರೆ ಬೇರೆ ಧಾತುಗಳೂ ಒಂದೇ ಪಟ್ಟಿಗೆ ಬೀಳುತ್ತವೆ: ಸ-ಫ-ರ ನೋಡಿದರೆ ಸೇಫೆರ್ (ಪುಸ್ತಕ), ಸಿಪೂರ್ (ಕಥೆ), ಮಿಸ್ಪಾರ್ (ಸಂಖ್ಯೆ) ಪಕ್ಕದಲ್ಲೇ ಸಪಾರ್ (ಕ್ಷೌರಿಕ), ಮಿಸ್ಪಾರಾ (ಕ್ಷೌರದ ಅಂಗಡಿ) ಕೂತಿರುತ್ತವೆ. ಅವುಗಳಿಗೆ ನಂಟು ಕಟ್ಟಲು ಹೋಗಬೇಡಿ. ಆಜ್ಞಾರ್ಥದ ಸಾಲನ್ನು ಪೂರ್ತಿ ಬಾಯಿಪಾಠ ಮಾಡುವುದೂ ದಂಡ. ಶೇವ್ (ಕೂತ್ಕೋ), ಬೋ (ಬಾ), ಲೇಖ್ (ಹೋಗು), ತೇನ್ (ಕೊಡು) ಥರದ ಕೆಲವು ಬಿಟ್ಟರೆ ಬೀದಿಯಲ್ಲಿ ಜನ ಭವಿಷ್ಯತ್ ರೂಪವನ್ನೇ ಆಜ್ಞೆಗೆ ಬಳಸುತ್ತಾರೆ. ‘ಬರಿ’ ಅನ್ನಲು ಕ್ತೋವ್ ಎನ್ನದೆ ತಿಖ್ತೋವ್ ಎನ್ನುತ್ತಾರೆ. ಹೆಂಗಸರ ಬಹುವಚನದ ‘ತಿಖ್ತೋವ್ನಾ’ ಇಂದು ಗ್ರಾಂಥಿಕ, ಅದನ್ನೂ ಬಿಡಿ.

ಕಲಿಯಲು ಒಂದು ಧಾತುವಿಗೆ ಒಂದು ಚೀಟಿ ಸಾಕು. ಮುಂದೆ ಹೀಬ್ರೂ ಅಕ್ಷರದಲ್ಲೇ ಧಾತು, ಹಿಂದೆ ಐದು ರೂಪ: ‘-ಲು’ ರೂಪ, ಅವನು ಮತ್ತು ಅವಳು ಮಾಡುತ್ತಿರುವುದು, ಅವನು ಮಾಡಿದ್ದು, ಜೊತೆಗೆ ಒಂದು ನಾಮಪದ. ಅವನು-ಅವಳು ಎರಡೂ ಏಕೆಂದರೆ ವರ್ತಮಾನದಲ್ಲಿ ‘ನಾನು’ ಎಂದರೂ ಲಿಂಗ ಬದಲಾಗುತ್ತದೆ: ಗಂಡಸು ಅನೀ ಕೋತೆವ್ ಎಂದರೆ ಹೆಂಗಸು ಅನೀ ಕೋತೇವೆತ್ ಎನ್ನಬೇಕು. ದಿನಕ್ಕೆ ಮೂರು ಧಾತುಗಳ ಮೇಲೆ ಹೋದರೆ ಒಂದೇ ಅಚ್ಚಿನ ರೂಪಗಳು ತಲೆಯಲ್ಲಿ ಕಲಸಿಹೋಗುತ್ತವೆ.